ಕಡಲಿನಲ್ಲಿ ಕಟ್ಟಿದ ಬಂದರು

ಹಲಗೂರಿನ ಕಡೆಯವರಿಗೆ ಗಾರೆಯ ಗುಣವನ್ನು ಬಿಡಿಸಿ ಹೇಳಬೇಕಾಗಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದಾಗ ಕಲ್ಲಿಗೆ ಕಲ್ಲನ್ನು ಬೆಸೆದದ್ದು ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ ಅರೆದ ಸುರ್ಕಿಗಾರೆ. ಬರಿಯ ಸುಣ್ಣವು ಗಾಳಿಯಲ್ಲಿ ಗಟ್ಟಿಯಾದೀತು, ನೀರಿನಲ್ಲಿ ಕದಡಿಹೋದೀತು. ಸುಟ್ಟ ಮಣ್ಣು ಕೂಡಿದರೆ ಅದೇ ಸುಣ್ಣ ನೀರಿನ ನಡುವೆಯೂ ಬಿಗಿದುಕೊಳ್ಳುತ್ತದೆ. ಈ ಮರ್ಮವನ್ನು ನೆಚ್ಚಿ, ಎರಡು ಸಾವಿರ ವರ್ಷಗಳ ಹಿಂದೆ, ಒಬ್ಬ ಅರಸನು ತೆರೆದ ಕಡಲಿನಲ್ಲಿಯೇ ಬಂದರನ್ನು ಕಟ್ಟಿಸಿದನು.

ಆತನ ಹೆಸರು ಹೆರೋದ. ರೋಮಿನ ಆಶ್ರಯದಲ್ಲಿ ಯೂದಾಯವನ್ನು ಆಳುತ್ತಿದ್ದ ಸಾಮಂತ. ಮೆಡಿಟರೇನಿಯನ್ ಸಮುದ್ರದ ಪೂರ್ವತೀರದಲ್ಲಿ, ಇಂದಿನ ಇಸ್ರೇಲಿನಲ್ಲಿ, ಸ್ಟ್ರಾಟೋವಿನ ಗೋಪುರ ಎಂಬ ಹಾಳುಬಿದ್ದ ಊರೊಂದಿತ್ತು. ಆ ಕರಾವಳಿಯಲ್ಲಿ ಹಡಗಿಗೆ ಮರೆಯಾಗುವ ಕೊಲ್ಲಿಯಿಲ್ಲ. ಈಜಿಪ್ಟಿನ ದಾರಿಯ ಹಡಗುಗಳು ನೈಋತ್ಯದ ಗಾಳಿಗೆ ಸಿಕ್ಕಿ ನಡುನೀರಿನಲ್ಲಿಯೇ ಲಂಗರು ಹಾಕಿ ನಿಲ್ಲಬೇಕಾಗಿತ್ತು. ಕ್ರಿ.ಪೂ. 22ರ ಸುಮಾರಿಗೆ ಹೆರೋದನು ಅಲ್ಲಿಯೇ ಕೈಹಚ್ಚಿ ಹತ್ತು ಹನ್ನೆರಡು ವರ್ಷಗಳಲ್ಲಿ ನಗರವನ್ನೂ ಬಂದರನ್ನೂ ಮುಗಿಸಿದನು. ಚಕ್ರವರ್ತಿ ಆಗಸ್ಟಸ್ ಸೀಸರನ ಹೆಸರನ್ನೇ ಅದಕ್ಕೆ ಇಟ್ಟನು. ಒಡೆಯನ ಹೆಸರಿನಲ್ಲಿ ಪುರವನ್ನು ಕಟ್ಟಿಸುವುದು ನಮ್ಮ ಸಾಮಂತರಿಗೂ ತಿಳಿದಿದ್ದ ವಿದ್ಯೆಯೇ! ಕನ್ನಡ ಬೈಬಲ್ಲಿನಲ್ಲಿ ಬರುವ ಕೈಸರೈಯ ಎಂಬ ಪಟ್ಟಣವೇ ಇದು.

ಬಂದರಿನ ವರ್ಣನೆಯನ್ನು ಯೆಹೂದಿ ಚರಿತ್ರಕಾರ ಜೋಸೀಫಸನು ಬರೆದಿಟ್ಟಿದ್ದಾನೆ. ಐವತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಒಂಬತ್ತು ಅಡಿ ದಪ್ಪದ ಕಲ್ಲುಗಳನ್ನು ಇಪ್ಪತ್ತು ಮಾರು ಆಳಕ್ಕೆ ಇಳಿಬಿಟ್ಟರಂತೆ. ಇಪ್ಪತ್ತು ಮಾರು ಎಂಬುದು ಪುರಾಣದ ಮಾತು. ಅಲ್ಲಿಯ ನೀರು ಅಷ್ಟು ಆಳವಿಲ್ಲ. ಆದರೆ ಉಳಿದದ್ದೆಲ್ಲ ಉತ್ಪ್ರೇಕ್ಷೆಯೆಂದು ತಳ್ಳಿಹಾಕುವಂತಿಲ್ಲ. 1960ರಿಂದ ಈಚೆಗೆ ನೀರಿನಲ್ಲಿ ಮುಳುಗಿ ಶೋಧಿಸಿದವರಿಗೆ ಉತ್ತರದ ಅಲೆಗಟ್ಟೆಯ ತುದಿಯಲ್ಲಿ ಸುಮಾರು 15 ಮೀಟರ್ ಉದ್ದ, 11.5 ಮೀಟರ್ ಅಗಲದ ಗಡ್ಡೆಯೊಂದು ದೊರೆಯಿತು. ಅದು ಕಲ್ಲಲ್ಲ, ಗಾರೆ! ಅದರ ಸುತ್ತ ಮರದ ತೊಲೆ ಹಲಗೆಗಳು ಇನ್ನೂ ಉಳಿದಿದ್ದುವು.

ಕೆಲಸದ ಕ್ರಮ ಇದರಿಂದ ತಿಳಿದುಬಂದಿತು. ಹಡಗು ಕಟ್ಟುವ ಬಡಗಿಗಳ ಹಾಗೆ ಹಲಗೆಗೆ ಹಲಗೆಯನ್ನು ಜೋಡಿಸಿ ದೊಡ್ಡ ಪೆಟ್ಟಿಗೆಗಳನ್ನು ಮಾಡಿದರು. ಅವನ್ನು ತೇಲಿಸಿಕೊಂಡು ಹೋಗಿ, ಗೊತ್ತಾದ ಜಾಗದಲ್ಲಿ ಗಾರೆಯನ್ನೂ ಕಲ್ಲುಚೂರುಗಳನ್ನೂ ತುಂಬುತ್ತ ಮುಳುಗಿಸಿದರು. ಗಾರೆಗೆ ಬೇಕಾದ ಸುಟ್ಟ ಮಣ್ಣು ಯಾವುದು? ಜ್ವಾಲಾಮುಖಿಯು ತಾನೇ ಸುಟ್ಟು ಉಗುಳಿದ ಬೂದಿ. ಅದರ ಎರಡು ಪಾಲಿಗೆ ಸುಣ್ಣ ಒಂದು ಪಾಲು ಎಂದು ರೋಮಿನ ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸ್ ಲೆಕ್ಕ ಕೊಟ್ಟಿದ್ದಾನೆ. ಈ ಬೂದಿ ಬಂದದ್ದು ಇಟಲಿಯ ನೇಪಲ್ಸ್ ಕೊಲ್ಲಿಯಿಂದ. ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ಸಮುದ್ರದ ದಾರಿ! ನಮ್ಮವರು ಇಟ್ಟಿಗೆ ಸುಟ್ಟು ಸಾಧಿಸಿದ್ದನ್ನು ಹೆರೋದನು ಹಡಗು ಹಡಗು ಬೂದಿ ತರಿಸಿ ಸಾಧಿಸಿದನು. ಪ್ರಜೆಗಳ ತೆರಿಗೆಯ ಮೇಲೆ ಅದರ ಭಾರ ಎಷ್ಟು ಬಿದ್ದಿತೆಂಬುದನ್ನು ಓದುಗರೇ ಊಹಿಸಬಹುದು.

ದಡದಲ್ಲಿ ನಾಟಕಶಾಲೆ, ಕಡಲಿನ ನೀರೇ ನುಗ್ಗಿ ತೊಳೆಯುವ ನೆಲದಡಿಯ ಚರಂಡಿಗಳು. ಬಂದರಿಗೆ ಎದುರಾಗಿ ದಿಬ್ಬದ ಮೇಲೆ ಸೀಸರನ ಗುಡಿ; ದೂರದ ನಾವಿಕನಿಗೆ ಮೊದಲು ಕಾಣುತ್ತಿದ್ದುದು ಅದೇ.

ಗಾರೆ ಹಿಡಿದು ನಿಂತರೂ ಕೆಳಗಿನ ನೆಲ ನಿಲ್ಲಲಿಲ್ಲ. ಮರಳಿನ ತಳ ಕುಸಿಯಿತೆಂದು ಕೆಲವರೂ, ಭೂಮಿಯೇ ಬಿರಿದು ಇಳಿಯಿತೆಂದು ಕೆಲವರೂ ವಾದಿಸುತ್ತಾರೆ. ಕಾಲವನ್ನು ತಿಳಿಸುವ ಸಾಕ್ಷಿ ಮಾತ್ರ ಉಂಟು. ಮುಳುಗಿದ ಅಲೆಗಟ್ಟೆಯ ಮೇಲೆಯೇ ಸೀಸದ ಗಟ್ಟಿಗಳು ಸಿಕ್ಕಿವೆ. ಅವುಗಳ ಮೇಲೆ ಕ್ರಿ.ಶ. 81ರಿಂದ 96ರವರೆಗೆ ಆಳಿದ ಡೊಮಿಷಿಯನ್ ಚಕ್ರವರ್ತಿಯ ಹೆಸರಿದೆ. ಯಾವುದೋ ಹಡಗು ನೀರಿನಡಿ ಅಡಗಿದ್ದ ಗೋಡೆಗೆ ಬಡಿದು ಒಡೆದಿರಬೇಕು. ಹಡಗುಗಳನ್ನು ಕಾಯಲೆಂದು ಕಟ್ಟಿದ ಗೋಡೆ ನೂರು ವರ್ಷ ತುಂಬುವ ವೇಳೆಗೆ ಹಡಗನ್ನು ಒಡೆಯುವ ಬಂಡೆಯಾಗಿದ್ದಿತು.