ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 (ರೂಢಿಯಲ್ಲಿ ಕೆಟಿಪಿಪಿ ಕಾಯ್ದೆ) ಎಂಬುದು ಸರ್ಕಾರಿ ಕಾಮಗಾರಿ, ಸರಕು ಮತ್ತು ಸೇವೆಗಳ ಟೆಂಡರುಗಳನ್ನು ಆಹ್ವಾನಿಸುವ, ಪರಿಶೀಲಿಸುವ ಮತ್ತು ಅಂಗೀಕರಿಸುವ ವಿಧಾನವನ್ನು ಗೊತ್ತುಪಡಿಸುವ ಕರ್ನಾಟಕ ರಾಜ್ಯದ ಕಾನೂನು. ಇದು 2000ನೇ ಇಸವಿಯ 29ನೇ ಕರ್ನಾಟಕ ಅಧಿನಿಯಮವಾಗಿ ಪ್ರಕಟವಾಯಿತು. ಇದರಡಿಯ ನಿಯಮಗಳನ್ನೂ 2000ದಲ್ಲಿಯೇ ರಚಿಸಲಾಯಿತು. ರಾಜ್ಯದಲ್ಲಿ ಸರ್ಕಾರಿ ಗುತ್ತಿಗೆದಾರರ ಹಕ್ಕು ಮತ್ತು ಹೊಣೆಗಳನ್ನು ನಿರ್ಧರಿಸುವ ಪ್ರಮುಖ ಕಾಯ್ದೆ ಇದಾಗಿದೆ.

ಹಿನ್ನೆಲೆ

ಭಾರತದಲ್ಲಿ ಸರ್ಕಾರಿ ಖರೀದಿ ಮತ್ತು ಗುತ್ತಿಗೆಗೆ ಸಂಬಂಧಿಸಿದಂತೆ ದೇಶಕ್ಕೆಲ್ಲ ಅನ್ವಯವಾಗುವ ಒಂದೇ ಕಾಯ್ದೆ ಇಲ್ಲ. ಕೇಂದ್ರದ ಸಾರ್ವಜನಿಕ ಸಂಗ್ರಹಣೆ ಮಸೂದೆಯನ್ನು 2012ರಲ್ಲಿ ಲೋಕಸಭೆಯಲ್ಲಿ ಮಂಡಿಸಲಾಯಿತಾದರೂ, 2014ರಲ್ಲಿ 15ನೇ ಲೋಕಸಭೆಯ ವಿಸರ್ಜನೆಯೊಂದಿಗೆ ಅದು ರದ್ದಾಯಿತು. ಕೇಂದ್ರ ಇಲಾಖೆಗಳ ಟೆಂಡರುಗಳು 2017ರ ಸಾಮಾನ್ಯ ಹಣಕಾಸು ನಿಯಮಗಳು ಹಾಗೂ ಹಣಕಾಸು ಸಚಿವಾಲಯದ ಸೂಚನೆಗಳ ಪ್ರಕಾರ ನಡೆಯುತ್ತವೆ. ರಾಜ್ಯಗಳ ಪೈಕಿ ತಮಿಳುನಾಡು 1998ರಲ್ಲಿ ಟೆಂಡರು ಪಾರದರ್ಶಕತೆಯ ಕಾಯ್ದೆಯನ್ನು ರಚಿಸಿತು. ಅದರ ಬೆನ್ನಿಗೆ ಕರ್ನಾಟಕವೂ ಇಂತಹ ಶಾಸನವನ್ನು ತಂದಿತು.

ಈ ಎರಡು ವ್ಯವಸ್ಥೆಗಳು ಒಂದೇ ಊರಿನಲ್ಲಿ ಅಕ್ಕಪಕ್ಕದಲ್ಲಿರುವುದುಂಟು. ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಐಮಂಗಲದ ಮೂಲಕ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಈ ಹೆದ್ದಾರಿಯ ಗುತ್ತಿಗೆ ಕೇಂದ್ರದ ಅಧೀನದ ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಅದಕ್ಕೆ ಕೆಟಿಪಿಪಿ ಕಾಯ್ದೆ ಅನ್ವಯಿಸುವುದಿಲ್ಲ. ಹೆದ್ದಾರಿಯಿಂದ ಹಳ್ಳಿಗಳಿಗೆ ತಿರುಗುವ ಲೋಕೋಪಯೋಗಿ ಇಲಾಖೆ ಅಥವಾ ಪಂಚಾಯತಿಯ ರಸ್ತೆಗಳ ಗುತ್ತಿಗೆ ಈ ಕಾಯ್ದೆಗೆ ಒಳಪಡುತ್ತದೆ. ಜಿಲ್ಲೆಗೆ ನೀರು ತರುವ ಭದ್ರಾ ಮೇಲ್ದಂಡೆ ಯೋಜನೆಗೆ 2023-24ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ನೆರವು ಘೋಷಿಸಲಾಯಿತು. ಆದರೂ ಅದನ್ನು ಅನುಷ್ಠಾನಗೊಳಿಸುತ್ತಿರುವ ವಿಶ್ವೇಶ್ವರಯ್ಯ ಜಲ ನಿಗಮವು ರಾಜ್ಯದ ಸಂಸ್ಥೆಯಾದ್ದರಿಂದ ಅದರ ಟೆಂಡರುಗಳು ರಾಜ್ಯದ ಕಾನೂನಿಗೆ ಸೇರುತ್ತವೆ. ಹೀಗೆ, ಹಣ ಎಲ್ಲಿಂದ ಬಂದಿತು ಎಂಬುದಕ್ಕಿಂತ ಟೆಂಡರು ಕರೆಯುವ ಸಂಸ್ಥೆ ಯಾವುದು ಎಂಬುದು ಇಲ್ಲಿ ಮುಖ್ಯವಾಗುತ್ತದೆ.

ಮುಖ್ಯ ಉಪಬಂಧಗಳು

ಸರ್ಕಾರಿ ಇಲಾಖೆಗಳು, ರಾಜ್ಯದ ನಿಗಮ ಮತ್ತು ಮಂಡಳಿಗಳು, ಸ್ಥಳೀಯ ಸಂಸ್ಥೆಗಳು ಹಾಗೂ ವಿಶ್ವವಿದ್ಯಾಲಯಗಳು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. 5ನೇ ಪ್ರಕರಣದ ಪ್ರಕಾರ ಟೆಂಡರಿನ ಮೂಲಕವಲ್ಲದೆ ಯಾವುದೇ ಸಂಗ್ರಹಣೆ ಮಾಡುವಂತಿಲ್ಲ. ಟೆಂಡರು ಪ್ರಕಟಣೆಗಳಿಗಾಗಿ ರಾಜ್ಯ ಮತ್ತು ಜಿಲ್ಲಾ ಮಟ್ಟದ ಟೆಂಡರು ಬುಲೆಟಿನ್‌ಗಳ ವ್ಯವಸ್ಥೆಯನ್ನು ಕಾಯ್ದೆ ರೂಪಿಸಿತು. ನಿಯಮಗಳ ಮೂಲ ರೂಪದಲ್ಲಿ, 2 ಕೋಟಿ ರೂಪಾಯಿವರೆಗಿನ ಟೆಂಡರುಗಳಿಗೆ ಅರ್ಜಿ ಸಲ್ಲಿಸಲು ಕನಿಷ್ಠ 30 ದಿನ, ಅದಕ್ಕೆ ಮೇಲ್ಪಟ್ಟವುಗಳಿಗೆ 60 ದಿನ ಕಾಲಾವಕಾಶವಿತ್ತು.

ಟೆಂಡರು ಅಂಗೀಕರಿಸುವ ಪ್ರಾಧಿಕಾರದ ಆದೇಶದಿಂದ ಬಾಧಿತರಾದವರು 16ನೇ ಪ್ರಕರಣದ ಅನ್ವಯ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಆದೇಶವು ಸರ್ಕಾರದ್ದೇ ಆಗಿದ್ದರೆ ಈ ಅವಕಾಶವಿಲ್ಲ; ಅಂತಹ ಸಂದರ್ಭದಲ್ಲಿ ಉಚ್ಚ ನ್ಯಾಯಾಲಯದ ರಿಟ್ ಅಧಿಕಾರವೇ ಮಾರ್ಗ. ಅಲ್ಲಿಯೂ ಪರಿಶೀಲನೆಗೆ ಮಿತಿಯಿದೆ. ಟಾಟಾ ಸೆಲ್ಯುಲಾರ್ ಪ್ರಕರಣದಲ್ಲಿ (1994) ಸರ್ವೋಚ್ಚ ನ್ಯಾಯಾಲಯವು, ನ್ಯಾಯಾಲಯಗಳು ನಿರ್ಧಾರ ಕೈಗೊಂಡ ಕ್ರಮವನ್ನು ಪರಿಶೀಲಿಸಬಹುದೇ ಹೊರತು ನಿರ್ಧಾರದ ಮೇಲೆ ಮೇಲ್ಮನವಿ ಪ್ರಾಧಿಕಾರದಂತೆ ಕೂರಲಾಗದು ಎಂಬ ತತ್ತ್ವವನ್ನು ಸ್ಥಾಪಿಸಿತು.

ವಿನಾಯಿತಿಗಳು

ಕಾಯ್ದೆಯ 4ನೇ ಪ್ರಕರಣವು ಟೆಂಡರಿನಿಂದ ವಿನಾಯಿತಿ ಪಡೆದ ಸಂದರ್ಭಗಳನ್ನು ಪಟ್ಟಿ ಮಾಡುತ್ತದೆ. ಸರ್ಕಾರ ಘೋಷಿಸಿದ ನೈಸರ್ಗಿಕ ವಿಕೋಪ ಅಥವಾ ತುರ್ತುಸ್ಥಿತಿ, ಒಂದೇ ಮೂಲದಿಂದ ದೊರೆಯುವ ಸರಕು, ನಿಗದಿತ ಮೊತ್ತಕ್ಕಿಂತ ಕಡಿಮೆ ಮೌಲ್ಯದ ಕೆಲಸಗಳು ಇವುಗಳಲ್ಲಿ ಸೇರಿವೆ. 4(ಜಿ) ಎಂದು ಪ್ರಚಲಿತವಾಗಿರುವ ಖಂಡವು ಅಧಿಸೂಚನೆಯ ಮೂಲಕ ವಿನಾಯಿತಿ ನೀಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ. ಸ್ಪರ್ಧೆಯಿಲ್ಲದೆ ಕಾಮಗಾರಿ ವಹಿಸಲು ಇದು ದಾರಿಯಾಗುತ್ತದೆ ಎಂಬ ಟೀಕೆ ಬಹುಕಾಲದಿಂದ ಇದೆ. ಕೋವಿಡ್-19 ಅವಧಿಯ ವೈದ್ಯಕೀಯ ಖರೀದಿಗಳ ವಿಚಾರಣೆಗಾಗಿ 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹ ಅವರ ಆಯೋಗವನ್ನು ನೇಮಿಸಲಾಯಿತು.

ಮೀಸಲಾತಿ ತಿದ್ದುಪಡಿಗಳು

2016ರ ತಿದ್ದುಪಡಿಯು 50 ಲಕ್ಷ ರೂಪಾಯಿ ಮೀರದ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ. 17.15 ಮತ್ತು ಪರಿಶಿಷ್ಟ ಪಂಗಡದವರಿಗೆ ಶೇ. 6.95ರಷ್ಟನ್ನು ಕಾಯ್ದಿರಿಸಿತು. 2023ರಲ್ಲಿ ಈ ಮಿತಿಯನ್ನು 1 ಕೋಟಿ ರೂಪಾಯಿಗೆ ಏರಿಸಲಾಯಿತು. ನಂತರ ಹಿಂದುಳಿದ ವರ್ಗಗಳ ಪ್ರವರ್ಗ-1ಕ್ಕೆ ಶೇ. 4 ಹಾಗೂ ಪ್ರವರ್ಗ-2ಎಗೆ ಶೇ. 15ರ ಮೀಸಲಾತಿ ಸೇರಿತು.

2025ರ ಮಾರ್ಚ್‌ನಲ್ಲಿ ವಿಧಾನಮಂಡಲವು ಅಂಗೀಕರಿಸಿದ ಮಸೂದೆಯು ಕಾಮಗಾರಿಗಳ ಮಿತಿಯನ್ನು 2 ಕೋಟಿ ರೂಪಾಯಿಗೆ ಹೆಚ್ಚಿಸಿ, ಮುಸ್ಲಿಮರನ್ನು ಒಳಗೊಂಡ ಪ್ರವರ್ಗ-2ಬಿಗೆ ಶೇ. 4ರ ಮೀಸಲಾತಿಯನ್ನು ಸೇರಿಸಿತು. ಇದು ಸಾಮಾಜಿಕ ಮತ್ತು ಆರ್ಥಿಕ ಹಿಂದುಳಿದಿರುವಿಕೆಯನ್ನು ಆಧರಿಸಿದ್ದೆಂದು ಸರ್ಕಾರ ಸಮರ್ಥಿಸಿಕೊಂಡರೆ, ಧರ್ಮಾಧಾರಿತ ಮೀಸಲಾತಿಯೆಂದು ವಿರೋಧ ಪಕ್ಷವಾದ ಭಾರತೀಯ ಜನತಾ ಪಕ್ಷವು ವಿರೋಧಿಸಿತು. ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಅವರು ಏಪ್ರಿಲ್ 2025ರಲ್ಲಿ ಮಸೂದೆಯನ್ನು ರಾಷ್ಟ್ರಪತಿಗಳ ಪರಿಗಣನೆಗೆ ಕಾಯ್ದಿರಿಸಿದರು.

ಜಾರಿ ಮತ್ತು ವಿವಾದಗಳು

ಕರ್ನಾಟಕದಲ್ಲಿ 2007ರಿಂದ ಇ-ಸಂಗ್ರಹಣಾ ವ್ಯವಸ್ಥೆ ಬಳಕೆಗೆ ಬಂದಿತು. ಈಗ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್ (ಕೆಪಿಪಿಪಿ) ಬಳಕೆಯಲ್ಲಿದೆ. ಟೆಂಡರು ಅರ್ಜಿಯನ್ನು ಕಚೇರಿಗೆ ಬಂದು ಸಲ್ಲಿಸುವ ಅಗತ್ಯ ಇದರಿಂದ ತಪ್ಪಿತು.

ಜುಲೈ 2021ರಲ್ಲಿ ಕರ್ನಾಟಕ ರಾಜ್ಯ ಗುತ್ತಿಗೆದಾರರ ಸಂಘವು, ಕಾಮಗಾರಿ ಮೊತ್ತದ ಶೇ. 40ರವರೆಗೆ ಲಂಚ ಕೇಳಲಾಗುತ್ತಿದೆ ಎಂದು ಆರೋಪಿಸಿ ಪ್ರಧಾನಮಂತ್ರಿಗಳಿಗೆ ಪತ್ರ ಬರೆಯಿತು. ಅಂದಿನ ರಾಜ್ಯ ಸರ್ಕಾರ ಆರೋಪವನ್ನು ನಿರಾಕರಿಸಿತು. ಮುಂದೆ 50 ಕೋಟಿ ರೂಪಾಯಿಗೆ ಮೇಲ್ಪಟ್ಟ ಟೆಂಡರುಗಳ ಪರಿಶೀಲನೆಗೆ ನಿವೃತ್ತ ನ್ಯಾಯಮೂರ್ತಿಯ ಅಧ್ಯಕ್ಷತೆಯಲ್ಲಿ ಸಮಿತಿಯನ್ನೂ ರಚಿಸಿತು. ಸರ್ಕಾರ ಬದಲಾದ ಬಳಿಕ 2023ರಲ್ಲಿ ನೇಮಕಗೊಂಡ ನಿವೃತ್ತ ನ್ಯಾಯಮೂರ್ತಿ ಎಚ್. ಎನ್. ನಾಗಮೋಹನದಾಸ್ ಆಯೋಗವು ಮಾರ್ಚ್ 2025ರಲ್ಲಿ ವರದಿ ಸಲ್ಲಿಸಿತು.

ಬಿಲ್ಲು ಪಾವತಿ

ಶೀರ್ಷಿಕೆಯಲ್ಲಿಯೇ ಸೂಚಿತವಾಗಿರುವಂತೆ ಕಾಯ್ದೆಯ ಗಮನವು ಟೆಂಡರು ಪ್ರಕ್ರಿಯೆಯ ಮೇಲಿದೆ. ಕೆಲಸ ಮುಗಿದ ಮೇಲಿನ ಪಾವತಿಯು ಕರಾರಿನ ಷರತ್ತು ಮತ್ತು ಅನುದಾನದ ಲಭ್ಯತೆಯನ್ನು ಅವಲಂಬಿಸುತ್ತದೆ. ಬಾಕಿ ಬಿಲ್ಲುಗಳು ಗುತ್ತಿಗೆದಾರರ ಸಂಘದ ಪ್ರಮುಖ ಬೇಡಿಕೆಯಾಗಿ ಮುಂದುವರಿದಿವೆ. ಸಾಲ ಮಾಡಿ ಕೆಲಸ ಮುಗಿಸುವ ಸಣ್ಣ ಗುತ್ತಿಗೆದಾರರಿಗೆ ಪಾವತಿಯ ವಿಳಂಬವು ಬಡ್ಡಿಯ ಹೊರೆಯಾಗುತ್ತದೆ. ಮೀಸಲಾತಿಯಡಿ ಮೊದಲ ಬಾರಿಗೆ ಕಾಮಗಾರಿ ಪಡೆದವರಿಗೂ ಇದು ಅನ್ವಯಿಸುತ್ತದೆ.

ಕೇಂದ್ರದ ಗುತ್ತಿಗೆಗಳ ವಿಷಯದಲ್ಲಿ, ಹಣಕಾಸು ಸಚಿವಾಲಯವು 29 ಅಕ್ಟೋಬರ್ 2021ರಂದು ಹೊರಡಿಸಿದ ಸೂಚನೆಗಳು ಚಾಲ್ತಿ ಬಿಲ್ಲಿನ ಅರ್ಹ ಮೊತ್ತದ ಕನಿಷ್ಠ ಶೇ. 75ರಷ್ಟನ್ನು 10 ಕೆಲಸದ ದಿನಗಳೊಳಗೆ ಪಾವತಿಸಲು ಹೇಳುತ್ತವೆ. ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯು 45 ದಿನಗಳ ಗರಿಷ್ಠ ಮಿತಿಯನ್ನೂ, ಅದು ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನೂ ವಿಧಿಸುತ್ತದೆ. ಆದರೆ ಈ ರಕ್ಷಣೆ ಸಿವಿಲ್ ಕಾಮಗಾರಿಗಳ ಗುತ್ತಿಗೆಗೂ ಅನ್ವಯಿಸುತ್ತದೆಯೇ ಎಂಬುದರ ಬಗ್ಗೆ ನ್ಯಾಯಾಲಯಗಳಲ್ಲಿ ಭಿನ್ನ ನಿಲುವುಗಳು ವ್ಯಕ್ತವಾಗಿವೆ.