ಏಳನೆಯ ಕಿಟಕಿ

ಕಾಪುವಿನ ಸಮೀಪದ ನಮ್ಮ ಹಂಚಿನ ಮನೆಯಲ್ಲಿ ಈಗ ಉಳಿದಿರುವುದು ಹತ್ತು ಹಳೆಯ ಕಿಟಕಿಗಳು. ಕಳೆದ ಬೇಸಿಗೆ ರಜೆಯಲ್ಲಿ ಆಚಾರಿಯವರು ಬಂದು ಒಂದೊಂದನ್ನೇ ಚುಚ್ಚಿ ನೋಡಿದರು. ಹೊರಗೆ ಗಟ್ಟಿಮುಟ್ಟಾದ ಹಲಸಿನ ಚೌಕಟ್ಟು, ಗೋಡೆಯೊಳಗೆ ಹೂತ ಬದಿಯಲ್ಲಿ ಗೆದ್ದಲಿನ ಮಣ್ಣು. "ಎಲ್ಲ ಕಿತ್ತು ಅಲ್ಯೂಮಿನಿಯಂ ಹಾಕಿಸಿಬಿಡುವ" ಎಂದರು ಮನೆಯವರು. ನನಗೆ ಮನಸ್ಸಿರಲಿಲ್ಲ. ಆದರೆ ಬೇಡವೆನ್ನಲು ಕಾರಣ ಬೇಕಲ್ಲ? ಇತಿಹಾಸದ ಟೀಚರ ಹುಚ್ಚು ಎಂದು ನಗುವವರೇ ಮನೆ ತುಂಬ.

ಹನ್ನೊಂದನೆಯದು ಪಡುಬದಿಯ ಕೋಣೆಯದು. ನಾಲ್ಕು ವರ್ಷದ ಹಿಂದೆ ಅಲ್ಲಿ ಜಾರುವ ಗಾಜಿನ ಕಿಟಕಿ ಇಡಿಸಿದ್ದೆವು. ಮುರಕಲ್ಲು ಕಿತ್ತ ರಭಸಕ್ಕೆ ಗೋಡೆ ಬಿರುಕು ಬಿಟ್ಟಿತು. ಜೂನಿನ ಗಾಳಿಮಳೆಗೆ ಕೆಳಗಿನ ಜಾಡಿನಲ್ಲಿ ನೀರು ನಿಂತು ಒಳಗೆ ಹರಿಯಿತು. ಅದು ತೆರೆಯುವುದೂ ಅರ್ಧವೇ. ಹಳೆಯ ಕಿಟಕಿಗೆ ಮೇಲೊಂದು ಕೆಳಗೊಂದು ಜೋಡಿ ಬಾಗಿಲು; ಮಳೆ ಬಂದಾಗ ಕೆಳಗಿನದನ್ನು ಮುಚ್ಚಿ ಮೇಲಿನದನ್ನು ತೆರೆದಿಟ್ಟರಾಯಿತು. ನೆಲದಿಂದ ಒಂದು ಮೊಳವಷ್ಟೇ ಎತ್ತರ, ಚಾಪೆಯಲ್ಲಿ ಕೂತು ಮಲ್ಲಿಗೆ ಕಟ್ಟುವ ಹೆಂಗಸಿನ ಕಣ್ಣಿಗೆ ಸರಿಯಾಗಿ. ಒಳಗಿನ ಕತ್ತಲಿನಿಂದ ಅಂಗಳ ಕಾಣುತ್ತದೆ, ಅಂಗಳದಲ್ಲಿದ್ದವರಿಗೆ ಒಳಗಿನವಳು ಕಾಣುವುದಿಲ್ಲ. ಇದನ್ನು ಆಸರೆ ಎನ್ನಬೇಕೋ ಸೆರೆ ಎನ್ನಬೇಕೋ, ನಮ್ಮ ಅತ್ತೆ ಇದ್ದಾಗಲೇ ಕೇಳಬೇಕಿತ್ತು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ಬಳಿಕ ಗೇಣಿ ಭತ್ತದ ಮೇಲೆ ನಿಂತಿದ್ದ ನಮ್ಮ ಕಡೆಯ ದೊಡ್ಡ ಮನೆಗಳು ಸೊರಗಿದವು, ಪಾಲಾದವು. ಅವುಗಳ ಕಂಬ, ಬಾಗಿಲು, ಕಿಟಕಿಗಳು ಹಳೆ ಮರದ ಬೆಲೆಗೆ ಹೋದವು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ನಮ್ಮ ಒಕ್ಕಲಿನ ಮಣ್ಣಿನ ಮನೆಗೆ ಕಿಟಕಿಯೇ ಇರಲಿಲ್ಲವಂತೆ, ಗೋಡೆಯಲ್ಲೊಂದು ತೂತು ಅಷ್ಟೆ. ಭೂಮಿ ಸಿಕ್ಕ ಮೇಲೆ ಅವರು ಕಟ್ಟಿದ ಮನೆಗೆ ನಾಲ್ಕು ಕಿಟಕಿ ಇಟ್ಟರು ಎಂದು ಅತ್ತೆಯೇ ಹೇಳುತ್ತಿದ್ದರು.

ಹಾಗೆ ಹಾಳಾಗುತ್ತಿದ್ದುದನ್ನು ಹೆಕ್ಕಿದವರು ಮಣಿಪಾಲದ ವಿಜಯನಾಥ ಶೆಣೈ (1934–2017). ಬ್ಯಾಂಕಿನ ಉದ್ಯೋಗಿ, ಅರಸರಲ್ಲ, ಜಮೀನ್ದಾರರಲ್ಲ. ಹಳೆಯ ಮನೆಗಳ ಬಿಡಿಭಾಗ ಕೂಡಿಸಿ ಮೊದಲು ತಮ್ಮ ಮನೆ ‘ಹಸ್ತಶಿಲ್ಪ’ವನ್ನು ಕಟ್ಟಿದರು. ಮುಂದೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ನಿಲ್ಲಿಸಿದರು. ಕಾರ್ಕಳದ ಮಿಯಾರಿನ ಮನೆ, ನಮಗೆ ಹತ್ತಿರದ ಕುಂಜೂರಿನ ಚೌಕಿಮನೆ ಎರಡೂ ಈಗ ಅಲ್ಲಿವೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಮರದ ತುಂಡುಗಳಿಗೆ ನಂಬರು ಹಾಕಿ ಬಿಚ್ಚಿ, ಅದೇ ಕ್ರಮದಲ್ಲಿ ಜೋಡಿಸಿದ್ದೆಂದು ಕೇಳಿ ಮಕ್ಕಳು ಗೋಡೆಯಲ್ಲೆಲ್ಲ ನಂಬರು ಹುಡುಕಿದ್ದೇ ಹುಡುಕಿದ್ದು!

ಮ್ಯೂಸಿಯಮ್ಮಿಗೆ ಕೊಡುವಂಥ ಮನೆ ನಮ್ಮದಲ್ಲ. ಆಚಾರಿಯವರನ್ನೇ ಕೇಳಿದೆ, ಹುಳುಕನ್ನಷ್ಟೇ ಕೊಯ್ದು ಹೊಸ ಮರ ಸೇರಿಸಲಾಗದೇ ಎಂದು. "ಎಂಟು ಉಳಿಯುತ್ತವೆ ಅಮ್ಮಾ, ಎರಡು ಹೋದ ಹಾಗೆಯೇ" ಎಂದರು. ಖರ್ಚು ಅಲ್ಯೂಮಿನಿಯಮ್ಮಿಗಿಂತ ಕಡಿಮೆಯೇನಲ್ಲ. ನನ್ನ ಸಂಬಳದಿಂದ ಕೊಡುತ್ತೇನೆ ಎಂದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಮನೆಯ ಗೋಡೆಯ ಬಗ್ಗೆ ನಾನು ಹೇಳಿದ್ದು ನಡೆದದ್ದು ಅದೇ ಮೊದಲು.

ಬಿಚ್ಚುವ ದಿನ ಶಾಲೆಯ ಸೀಮೆಸುಣ್ಣ ತಂದು ಚೌಕಟ್ಟುಗಳಿಗೆ ನಾನೇ ನಂಬರು ಬರೆದೆ. ಅತ್ತೆ ಕೂರುತ್ತಿದ್ದ ಕಿಟಕಿಗೆ ಏಳು ಬಂತು. ಅದನ್ನು ಮಾತ್ರ ಒಳಬದಿಗೆ ಬರೆದೆ, ಮಳೆಗೆ ಅಳಿಸಿಹೋಗದ ಹಾಗೆ.