ಬಾಣದ ಬೆನ್ನಿಗೆ ಯಾವ ಗರಿ?

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನ ಹವಾಮಾನ ವೀಕ್ಷಣಾಲಯ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಿಸಿತು. ಅಂಥ ಮಳೆ ದಿನವೂ ಬರುವುದಿಲ್ಲ, ನಿಜ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಉಪನಗರದಲ್ಲಿ ಒಣಹಾಕಿದ ಬಟ್ಟೆಯೂ ಸರಿಯಾಗಿ ಆರುವುದಿಲ್ಲ. ಇಂಥ ಹವೆಯಲ್ಲಿ ಮರದ ಕೋಲಿಗೆ ಹಕ್ಕಿಯ ಗರಿ ಕಟ್ಟಿ ಬಾಣ ಬಿಡುತ್ತೇನೆ ಎನ್ನುವವರ ಮುಂದೆ ಹಲವು ಪ್ರಶ್ನೆಗಳು ನಿಲ್ಲುತ್ತವೆ. ಯಾವ ಹಕ್ಕಿಯ ಗರಿ? ಮೂರೋ ನಾಲ್ಕೋ? ಎಷ್ಟು ಉದ್ದ? ನೇರವೋ ಓರೆಯೋ? ಈ ಪ್ರಶ್ನೆಗಳಿಗೆ ನಮ್ಮ ನೆಲದಲ್ಲಿ ದೀರ್ಘ ಚರಿತ್ರೆಯಿದೆ. ಅದನ್ನು ಹಿಂಬಾಲಿಸಿ ಹೋದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಗರಿಯ ಕೆಲಸ ಎಂದೂ ಬದಲಾಗಿಲ್ಲ, ಬಿಲ್ಲು, ಕೋಲು, ಸಿಗುವ ಹಕ್ಕಿ ಬದಲಾದಂತೆ ಆಯ್ಕೆ ಬದಲಾಗಿದೆ.

ಗರಿ ಮಾಡುವ ಕೆಲಸ

ಗಾಳಿಪಟಕ್ಕೆ ಬಾಲಂಗೋಚಿ ಹೇಗೋ ಬಾಣಕ್ಕೆ ಗರಿ ಹಾಗೆ. ಹಿಂಬದಿಯನ್ನು ಗಾಳಿ ಹಿಡಿದೆಳೆಯುವುದರಿಂದ ಮೊನೆ ಮುಂದಾಗಿಯೇ ಸಾಗುತ್ತದೆ. ಆದರೆ ಹೆದೆ ಬಿಟ್ಟ ಕ್ಷಣದಲ್ಲಿ ಬಾಣ ನೆಟ್ಟಗಿರುವುದಿಲ್ಲ. ಹೆದೆಯ ನೂಕಿಗೆ ಕೋಲು ಬಳುಕಿ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಹೋಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಸಿ. ಎನ್. ಹಿಕ್‌ಮನ್, ಪಾಲ್ ಕ್ಲಾಪ್‌ಸ್ಟೆಗ್ ಮೊದಲಾದ ವಿಜ್ಞಾನಿಗಳು ಬಿಲ್ಲು ಬಾಣಗಳನ್ನು ಪ್ರಯೋಗಕ್ಕೆ ಒಡ್ಡಿದರು. ಅತಿವೇಗದ ಕ್ಯಾಮರಾ ಈ ಬಳುಕನ್ನು ಕಣ್ಣಿಗೆ ತೋರಿಸಿತು. ಆ ಬಳುಕನ್ನು ಬೇಗ ತಣಿಸುವುದು, ಬಾಣವನ್ನು ತಿರುಗಿಸುತ್ತ ಹಾದಿಯಲ್ಲಿ ನಿಲ್ಲಿಸುವುದು ಗರಿಯ ಹೊಣೆ. ಬಿಲ್ಲಿಗೆ ತಾಗಿದರೆ ಹಕ್ಕಿಯ ಗರಿ ಮಲಗಿ ಮತ್ತೆ ಏಳುತ್ತದೆ. ಪ್ಲಾಸ್ಟಿಕ್ಕಿನದು ಪುಟಿದು ಬಾಣದ ದಾರಿ ತಪ್ಪಿಸುತ್ತದೆ. ಸಾಂಪ್ರದಾಯಿಕ ಬಿಲ್ಲಿನಲ್ಲಿ ಬಾಣ ಹಿಡಿಗೆ ಉಜ್ಜಿಕೊಂಡೇ ಹೋಗುವುದರಿಂದ, ಅಲ್ಲಿ ಇಂದಿಗೂ ಗರಿಗೆ ಪರ್ಯಾಯ ಸಿಕ್ಕಿಲ್ಲ.

ಎಂಟು ಹಕ್ಕಿ, ಆರು ಅಂಗುಲ

ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಳೆಯ ಮನುಷ್ಯನ ಬತ್ತಳಿಕೆಯಲ್ಲಿದ್ದ ಸಿದ್ಧ ಬಾಣಗಳಿಗೆ ಮೂರು ಗರಿಗಳನ್ನು ಮರದ ಅಂಟು ಬಳಿದು, ದಾರ ಸುತ್ತಿ ಕೂರಿಸಲಾಗಿತ್ತು. ಗರಿ ಕಟ್ಟುವ ಕಸುಬು ಅಷ್ಟು ಹಿಂದೆಯೇ ಪಕ್ವವಾಗಿತ್ತು. ನಮ್ಮಲ್ಲಿ ಇದನ್ನು ಬರಹಕ್ಕಿಳಿಸಿದವರು ಧನುರ್ವೇದದ ಗ್ರಂಥಕಾರರು. 14ನೇ ಶತಮಾನದ ‘ಶಾರ್ಙ್ಗಧರ ಪದ್ಧತಿ’ಯಲ್ಲಿ ಉಳಿದು ಬಂದ ಭಾಗದಲ್ಲಿ ಕಾಗೆ, ಹಂಸ, ಕ್ರೌಂಚ, ನವಿಲು, ರಣಹದ್ದು, ಕುರರ ಸೇರಿ ಎಂಟು ಬಗೆಯ ಹಕ್ಕಿಗಳ ಗರಿ ಬಾಣಕ್ಕೆ ಒಪ್ಪುತ್ತದೆ ಎಂಬ ಪಟ್ಟಿಯಿದೆ. ಒಂದು ಬಾಣಕ್ಕೆ ನಾಲ್ಕು ಗರಿ, ಪ್ರತಿಯೊಂದೂ ಆರು ಅಂಗುಲ. ಕೊಂಬಿನ ಬಿಲ್ಲಿನ ಬಾಣಕ್ಕೆ ಹತ್ತು ಅಂಗುಲ. ಕಟ್ಟುವುದಕ್ಕೆ ಸ್ನಾಯುವಿನ ಎಳೆ.

ಅಂಗುಲಕ್ಕೆ ಮುಕ್ಕಾಲು ಇಂಚು ಎಂದು ಲೆಕ್ಕ ಹಿಡಿದರೆ ಆರು ಅಂಗುಲ ಎಂದರೆ ನಾಲ್ಕೂವರೆ ಇಂಚು. ಇಂದು ಮರದ ಬಾಣಕ್ಕೆ ಹೆಚ್ಚಾಗಿ ಬಳಸುವ ಗರಿಯ ಉದ್ದ ನಾಲ್ಕರಿಂದ ಐದು ಇಂಚು! ಶತಮಾನಗಳ ಅಂತರದಲ್ಲಿ ಎರಡು ಕಡೆಯ ಕುಶಲಿಗರು ಒಂದೇ ಅಳತೆಗೆ ಬಂದು ನಿಂತಿದ್ದಾರೆ. ನಾಲ್ಕು ಗರಿಗೂ ಕಾರಣ ಕಾಣುತ್ತದೆ. ಮೂರು ಗರಿಯಿದ್ದಾಗ ಒಂದು ಬಿಲ್ಲಿನಿಂದ ಹೊರಮುಖವಾಗಿರಬೇಕು. ಬಾಣ ಹೂಡುವಾಗ ಅದನ್ನು ಹುಡುಕಬೇಕು. ನಾಲ್ಕಿದ್ದರೆ ಹೇಗೆ ಹೂಡಿದರೂ ಸರಿಯೇ. ಯುದ್ಧದ ಅವಸರದಲ್ಲಿ ಇದು ಸಣ್ಣ ಅನುಕೂಲವಲ್ಲ.

ಇದೇ ಪರಂಪರೆ ಕೋಲುಗಳನ್ನೂ ಮೂರು ಬಗೆಯಾಗಿ ವಿಂಗಡಿಸುತ್ತದೆ: ಮುಂಭಾಗ ದಪ್ಪವಾದದ್ದು ದೂರ ಹೋಗಲು, ಹಿಂಭಾಗ ದಪ್ಪವಾದದ್ದು ಭೇದಿಸಲು, ಸಮನಾದದ್ದು ಗುರಿ ಅಭ್ಯಾಸಕ್ಕೆ. ಕೋಲಿನ ಲೆಕ್ಕ ಬಿಟ್ಟು ಗರಿಯ ಮಾತಿಲ್ಲ ಎಂಬ ತಿಳಿವಳಿಕೆ ಆಗಲೇ ಇತ್ತು.

ವಿಜಯನಗರದ ತಿರುವು

ಕನ್ನಡ ನಾಡಿನ ಬಿಲ್ವಿದ್ಯೆಯಲ್ಲಿ ದೊಡ್ಡ ಪಲ್ಲಟ 15ನೇ ಶತಮಾನದ್ದು. ಬಹಮನಿ ಸೈನ್ಯ ಗೆಲ್ಲುವುದಕ್ಕೆ ಒಳ್ಳೆಯ ಕುದುರೆಗಳೂ ಬಿಲ್ಗಾರರೂ ಕಾರಣವೆಂದು ಮನಗಂಡ ಇಮ್ಮಡಿ ದೇವರಾಯ ಮುಸಲ್ಮಾನ ಬಿಲ್ಗಾರರನ್ನು ಜಹಗೀರು ಕೊಟ್ಟು ಸೇರಿಸಿಕೊಂಡ, ತನ್ನ ಸೈನಿಕರಿಗೆ ಅವರಿಂದ ವಿದ್ಯೆ ಕಲಿಸಿದ ಎಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಉದ್ದನೆಯ ಬಿದಿರ ಬಿಲ್ಲಿನ ಜೊತೆಗೆ ಕೊಂಬು, ಸ್ನಾಯು, ಮರ ಸೇರಿಸಿ ಮಾಡಿದ ಗಿಡ್ಡ ಬಿಲ್ಲಿನ ಮಹತ್ವ ದಖ್ಖನಿನಲ್ಲಿ ಹೆಚ್ಚಿದ ಕಾಲವದು. ಕುದುರೆಯ ಮೇಲಿನಿಂದ ಬಿಡುವ ಈ ಬಿಲ್ಲಿಗೆ ಹಗುರ ಜೊಂಡಿನ ಕೋಲು ಬೇಕು. ಹಗುರ ಕೋಲಿಗೆ ಭಾರದ ಗರಿ ಕಟ್ಟಿದರೆ ಸಮತೋಲ ಕೆಡುತ್ತದೆ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನ ಸೇನಾ ಪ್ರದರ್ಶನ ಕಂಡು ಬಿಲ್ಗಾರರ ಚಿನ್ನ ಬೆಳ್ಳಿ ಹೊದಿಸಿದ ಬಿಲ್ಲುಗಳನ್ನು ಬಣ್ಣಿಸುತ್ತಾನೆ. ಅವರ ಬಾಣಗಳಿಗೆ ಗರಿಗಳನ್ನು ಬಹಳ ಅಚ್ಚುಕಟ್ಟಾಗಿ ಕಟ್ಟಲಾಗಿತ್ತೆಂದು ಗುರುತಿಸುವುದನ್ನು ಮರೆಯುವುದಿಲ್ಲ. ರಾಜಧಾನಿಯ ವೈಭವದ ನಡುವೆ ಅವನ ಕಣ್ಣು ಅಲ್ಲಿ ನಿಂತಿತೆಂದರೆ ಆ ಕೈಕೆಲಸ ಎದ್ದು ಕಾಣುವಂತಿದ್ದಿರಲೇಬೇಕು. ಕಟ್ಟಿದವರ ಹೆಸರು ಮಾತ್ರ ಉಳಿದಿಲ್ಲ. ಸಾಂತಾಕ್ರೂಜ್ ಪೂರ್ವದ ಬಿಲ್ಲವ ಭವನದಂಥ ಕಡೆ ಮಹಾಭಾರತದ ಪ್ರಸಂಗಗಳ ತಾಳಮದ್ದಲೆ ಕೇಳಿ ಬೆಳೆದ ನಮಗೆ ಬಾಣ ಬಿಟ್ಟವರ ಹೆಸರುಗಳೆಲ್ಲ ಬಾಯಿಪಾಠ. ಬಾಣ ಮಾಡಿದವರನ್ನು ನೆನೆಯುವ ರೂಢಿಯೂ ಬೆಳೆಯಬೇಕು.

ಮುಂದೆ ಬಂದೂಕು ಬಂತು. ಬಿಲ್ಲು ಮೆಲ್ಲಗೆ ಸೈನ್ಯದಿಂದ ಬೇಟೆಗೆ, ಬೇಟೆಯಿಂದ ಆಟಕ್ಕೆ ಸರಿಯಿತು.

ಕೈಬಿಟ್ಟ ಹಕ್ಕಿಗಳು

ಹಳೆಯ ಪಟ್ಟಿಯನ್ನು ಇಂದು ಹಾಗೆಯೇ ಪಾಲಿಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ರಣಹದ್ದು, ಕ್ರೌಂಚಗಳಂಥ ಹಕ್ಕಿಗಳಿಗೆ ರಕ್ಷಣೆ ಕೊಟ್ಟಿದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧಿಯಿಂದ 1990ರ ದಶಕದಿಂದೀಚೆ ರಣಹದ್ದುಗಳು ಅಳಿವಿನ ಅಂಚಿಗೆ ಬಂದವು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಆ ಔಷಧಿ ನಿಷೇಧವಾಯಿತು, 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ರಣಹದ್ದುಧಾಮವಾಯಿತು. ಅವುಗಳ ಒಂದು ಗರಿಗೂ ನಾವು ಆಸೆಪಡಬಾರದು. ನವಿಲಿನ ಉದುರಿದ ಬಾಲದ ಗರಿಗೆ ಕಾಯ್ದೆಯಲ್ಲಿ ವಿನಾಯಿತಿಯಿದೆ. ಆದರೆ ಅದು ಬಾಣಕ್ಕೆ ಬರುವುದಿಲ್ಲ. ಬಾಣಕ್ಕೆ ಬೇಕಾದದ್ದು ಗಾಳಿ ಸೀಳುವ ರೆಕ್ಕೆಗರಿಯ ಬಿಗಿ.

ಆ ಬಿಗಿ ಸಾಕುಹಕ್ಕಿಗಳಲ್ಲೇ ಸಿಗುತ್ತದೆ. ಟರ್ಕಿ ಕೋಳಿಯ ರೆಕ್ಕೆಗರಿ ಇಂದು ಲೋಕದೆಲ್ಲೆಡೆ ಬಳಕೆಯಲ್ಲಿದೆ. ಹೆಬ್ಬಾತಿನ ಗರಿಯನ್ನು ಇಂಗ್ಲೆಂಡಿನ ರೋಜರ್ ಆಸ್ಕಮ್ 1545ರಲ್ಲೇ ಎಲ್ಲಕ್ಕಿಂತ ಮಿಗಿಲೆಂದು ಹೊಗಳಿದ್ದ. ನೀರುಹಕ್ಕಿಯ ಗರಿಯಾದ್ದರಿಂದ ತೇವವನ್ನೂ ತುಸು ಹೆಚ್ಚು ತಾಳುತ್ತದೆ.

ಗರಿ ಕಟ್ಟುವ ಬಗೆ

ಗರಿಯ ದಂಟನ್ನು ಹರಿತ ಅಲಗಿನಿಂದ ಉದ್ದಕ್ಕೆ ಸೀಳಿ, ಅಡಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಕೋಲಿನ ಮೇಲೆ ಅಲ್ಲಾಡದೆ ಕೂರುವಷ್ಟು ತೆಳುವಾಗಿಸುತ್ತಾರೆ. ಅಂಟು ಹಚ್ಚಿ ಕೂರಿಸಿದ ಮೇಲೆ ಎಳೆಗಳ ನಡುವೆ ಬಿಡುವು ಮಾಡಿಕೊಳ್ಳುತ್ತ ರೇಷ್ಮೆ ದಾರ ಸುತ್ತುತ್ತಾರೆ. ಗರಿಯ ಮುಂತುದಿಯನ್ನು ದಾರದಿಂದ ಪೂರ್ತಿ ಮುಚ್ಚಬೇಕು. ಬಿಟ್ಟರೆ ಬಾಣ ಹಾರುವಾಗ ದಂಟಿನ ಚೂಪು ಬಿಲ್ಲು ಹಿಡಿದ ಕೈಯನ್ನು ಕೊಯ್ಯುತ್ತದೆ. ಎಡ ರೆಕ್ಕೆಯ ಗರಿ, ಬಲ ರೆಕ್ಕೆಯ ಗರಿ ಎರಡರಲ್ಲಿ ಯಾವುದಾದರೂ ಆದೀತು, ಒಂದೇ ಬಾಣದಲ್ಲಿ ಬೆರೆಸಕೂಡದು. ಅವುಗಳ ಬಾಗು ಒಂದಕ್ಕೊಂದು ವಿರುದ್ಧ. ತುಸು ಓರೆಯಾಗಿ ಕೂರಿಸಿದರೆ ಬಾಣ ಬೇಗ ತಿರುಗಿ ಸ್ಥಿರವಾಗುತ್ತದೆ, ಜೊತೆಗೆ ವೇಗವನ್ನೂ ಸ್ವಲ್ಪ ಕಳೆದುಕೊಳ್ಳುತ್ತದೆ. ಅಗಲ ಮೊನೆಯ ಭಾರದ ಬಾಣಕ್ಕೆ ದೊಡ್ಡ ಗರಿ, ಗುರಿಹಲಗೆಗೆ ಬಿಡುವ ಬಾಣಕ್ಕೆ ಸಣ್ಣದು ಸಾಕು.

ಆಧುನಿಕ ಕ್ರೀಡೆಯಲ್ಲಿ ಕಾರ್ಬನ್ ಕೋಲು, ಪ್ಲಾಸ್ಟಿಕ್ ಗರಿಗಳದ್ದೇ ಮೇಲುಗೈ. ಆದರೂ ಬಿದಿರ ಬಿಲ್ಲಿನಿಂದ 50 ಮತ್ತು 30 ಮೀಟರ್ ದೂರಕ್ಕೆ ಬಿಡುವ ‘ಇಂಡಿಯನ್ ರೌಂಡ್’ ನಮ್ಮ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಉಳಿದುಕೊಂಡಿದೆ. ಅಂತರರಾಷ್ಟ್ರೀಯ ಸ್ಪರ್ಧೆಗಳ ಉದ್ದಬಿಲ್ಲು ವಿಭಾಗದಲ್ಲಿ ಮರದ ಕೋಲು, ಹಕ್ಕಿಯ ಗರಿ ಕಡ್ಡಾಯ. ಹಳೆಯ ಕಸುಬಿಗೆ ಹೊಸ ಕಾಲ ಬಾಗಿಲು ಮುಚ್ಚಿಲ್ಲ.

ಮುಂಬಯಿಯವರು ಏನು ಆರಿಸಬೇಕು?

ದಾದರಿನ ಸಾವರ್ಕರ್ ಸ್ಮಾರಕದಂಥ ಕಡೆ ಬಿಲ್ವಿದ್ಯೆ ಕಲಿತು ಸಾಂಪ್ರದಾಯಿಕ ಬಿಲ್ಲಿನತ್ತ ಹೊರಳುವವರಿಗೆ ನನ್ನ ಸಲಹೆ ಇದು. ಬಣ್ಣ ನೋಡಿ ಗರಿ ಕೊಳ್ಳಬೇಡಿ. ಮೊದಲು ಬರಿಗೋಲನ್ನು ಹತ್ತು ಹದಿನೈದು ಮೀಟರಿನಿಂದ ಬಿಟ್ಟು ನೋಡಿ. ಗರಿಯಿರುವ ಬಾಣದ ಹತ್ತಿರದಲ್ಲೇ ಅದು ನಾಟಿದರೆ ಕೋಲು ಬಿಲ್ಲಿಗೆ ಹೊಂದಿದೆ ಎಂದರ್ಥ. ದೂರ ನಾಟಿದರೆ ಕೋಲು ಬದಲಿಸಿ. ಹೊಂದಿದ ಕೋಲಿಗೆ ಟರ್ಕಿ ಅಥವಾ ಹೆಬ್ಬಾತಿನ ಗರಿ ಮೂರು, ನಾಲ್ಕೂವರೆ ಇಂಚಿನ ಆಸುಪಾಸಿನವು, ತುಸು ಓರೆಯಾಗಿ ಕಟ್ಟಿದರೆ ಸಾಕು. ಮಳೆಗಾಲಕ್ಕೆ ಅರ್ಧ ಇಂಚು ಉದ್ದ ಹೆಚ್ಚಿರಲಿ, ನೀರು ಹಿಡಿಯದ ಪುಡಿಯನ್ನೋ ಮೇಣವನ್ನೋ ಸವರಿ. ಎತ್ತಿಡುವ ಡಬ್ಬಿಯಲ್ಲಿ ನುಸಿಗುಳಿಗೆ ಮರೆಯಬೇಡಿ. ಒದ್ದೆಯಾಗಿ ಮಲಗಿದ ಗರಿಯನ್ನು ಕೆಟಲಿನ ಹಬೆಗೆ ಹಿಡಿದರೆ ಮತ್ತೆ ನೆಟ್ಟಗಾಗುತ್ತದೆ.

ಕೋಲಿನ ದೋಷವನ್ನು ದೊಡ್ಡ ಗರಿಯಿಂದ ಮುಚ್ಚಿಡುವುದು ಸುಲಭ. ಆದರೆ ಹಾಗೆ ಮುಚ್ಚಿದ ದೋಷ ದೂರ ಹೆಚ್ಚಿದಂತೆ ಬಯಲಾಗುತ್ತದೆ. ಕೋಲನ್ನು ಮೊದಲು ಪರೀಕ್ಷಿಸಿ, ಗರಿಯನ್ನು ಕೊನೆಗೆ ಆರಿಸಿ. ಧನುರ್ವೇದದ ಕಾಲದಿಂದ ಇಂದಿನವರೆಗೆ ಒಳ್ಳೆಯ ಬಾಣ ಕಟ್ಟಿದವರೆಲ್ಲ ನಡೆದದ್ದು ಇದೇ ದಾರಿಯಲ್ಲಿ.